ಆರಿದ ದೀಪದ ಋಣ



ನಮ್ಮ ನುಡಿಯಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಒಂದೆಡೆ ನಿಲ್ಲದ ಚುರುಕಾದ ಮಗುವನ್ನು ಕಂಡರೆ ‘ಪಾದರಸದಂಥ ಹುಡುಗ’ ಎನ್ನುತ್ತೇವೆ. ಹೇಳಿದ್ದು ತಡವಾಗಿ ಅರ್ಥವಾಗುವವನನ್ನು ಕಂಡರೆ ‘ಟ್ಯೂಬ್‌ಲೈಟ್’ ಎಂದು ನಗುತ್ತೇವೆ. ಒಂದು ಹೊಗಳಿಕೆ, ಇನ್ನೊಂದು ಲೇವಡಿ. ಆದರೆ ಆ ಚುರುಕಿನ ಪಾದರಸವು ಆ ನಿಧಾನದ ಟ್ಯೂಬ್‌ಲೈಟಿನ ಗಾಜಿನ ಕೊಳವೆಯೊಳಗೇ ವಾಸವಾಗಿದೆ ಎಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿರಲಾರದು. ಬೆಳಕು ಬರುವವರೆಗೆ ನಾವು ದೀಪವನ್ನು ನೋಡುತ್ತೇವೆ. ಬೆಳಕು ನಿಂತ ಮೇಲೆ ಅದು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ.

ನಮ್ಮ ಹಿರಿಯರು ದೀಪವನ್ನು ‘ಆರಿಸು’ ಎನ್ನುತ್ತಿರಲಿಲ್ಲ. ‘ದೀಪ ದೊಡ್ಡದು ಮಾಡು’ ಎನ್ನುತ್ತಿದ್ದರು. ಬೆಳಕು ಕೊಟ್ಟ ವಸ್ತುವಿನ ವಿಷಯದಲ್ಲಿ ಅಶುಭವಾದ ಮಾತು ಬಾಯಿಂದ ಬರಬಾರದೆಂಬ ಗೌರವ ಅದರಲ್ಲಿತ್ತು. ಎಣ್ಣೆಯ ದೀಪ ಆರಿದರೆ ಉಳಿಯುತ್ತಿದ್ದುದು ಒಂದಿಷ್ಟು ಕರಕಲು ಬತ್ತಿ ಮಾತ್ರ. ಮಣ್ಣಿಗೆ ಬಿದ್ದರೆ ಅದು ಮಣ್ಣಾಗುತ್ತಿತ್ತು. ನಮ್ಮ ಕಾಲದ ದೀಪ ಆರಿದರೆ ಉಳಿಯುವುದು ಮಣ್ಣಾಗದ ವಸ್ತು. ಹಿರಿಯರ ಗೌರವ ನಮ್ಮಲ್ಲಿ ಕಡಿಮೆಯಾಗಿರುವ ಕಾಲದಲ್ಲಿಯೇ ಅದರ ಅಗತ್ಯ ಹೆಚ್ಚಾಗಿದೆ. ಆದುದರಿಂದ ಈ ತಿಂಗಳು ಒಂದು ಸಣ್ಣ ವಸ್ತುವನ್ನು ಮುಂದಿಟ್ಟುಕೊಂಡು ಒಂದು ದೊಡ್ಡ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರಮಾಡಲು ಬಯಸುತ್ತೇನೆ: ನಾವು ಒಂದು ವಸ್ತುವನ್ನು ಬಿಸಾಡಿದ ಕ್ಷಣಕ್ಕೆ ಅದರೊಡನೆ ನಮ್ಮ ಸಂಬಂಧ ಮುಗಿಯುತ್ತದೆಯೇ?

ಗಾಜಿನೊಳಗೆ ಏನಿದೆ?

ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ. ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಬಲ್ಬುಗಳ ಒಳಗೆ ಅತ್ಯಲ್ಪ ಪ್ರಮಾಣದ ಪಾದರಸದ ಆವಿ ಇರುತ್ತದೆ. ವಿದ್ಯುತ್ತು ಹರಿದಾಗ ಪಾದರಸದ ಪರಮಾಣುಗಳು ಉದ್ರೇಕಗೊಂಡು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೊರಸೂಸುತ್ತವೆ. ಗಾಜಿನ ಒಳಮೈಗೆ ಬಳಿದಿರುವ ಬಿಳಿಯ ಪುಡಿ ಆ ಕಿರಣವನ್ನು ಹೀರಿಕೊಂಡು ನಮಗೆ ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ. ಪಾದರಸವಿಲ್ಲದೆ ಈ ದೀಪ ಉರಿಯದು. ಸಾಧಾರಣ ಸಿಎಫ್‌ಎಲ್ ಒಂದರಲ್ಲಿ ಇರುವುದು ಕೆಲವೇ ಮಿಲಿಗ್ರಾಂ. ಹಳೆಯ ದಪ್ಪ ಟ್ಯೂಬುಗಳಲ್ಲಿ ಇದಕ್ಕಿಂತ ಹಲವು ಪಟ್ಟು ಹೆಚ್ಚು ಇರುತ್ತಿತ್ತು. ಬೀದಿಗಳಲ್ಲಿ, ಆಟದ ಮೈದಾನಗಳಲ್ಲಿ, ನಮ್ಮ ದೇವಾಲಯಗಳ ಅಂಗಳಗಳಲ್ಲಿ ಉರಿಯುತ್ತಿದ್ದ ಪಾದರಸದ ಆವಿಯ ದೊಡ್ಡ ದೀಪಗಳಲ್ಲಿಯೂ, ಹಳದಿ ಬೆಳಕಿನ ಸೋಡಿಯಂ ದೀಪಗಳಲ್ಲಿಯೂ ಪಾದರಸವಿದೆ.

ಇಲ್ಲಿ ಅನಗತ್ಯ ಭಯ ಬೇಡ. ಒಡೆಯದ ದೀಪದಿಂದ ಪಾದರಸ ಹೊರಬರುವುದಿಲ್ಲ. ಅದರ ಕೆಳಗೆ ಕುಳಿತು ಓದಿದ ಮಕ್ಕಳಿಗೆ ಅದರೊಳಗಿನ ಪಾದರಸದಿಂದ ಕೇಡಿಲ್ಲ. ಮನೆಯಲ್ಲಿ ಒಂದು ಬಲ್ಬು ಕೈಜಾರಿ ಒಡೆದರೂ ಕಿಟಕಿ ಬಾಗಿಲು ತೆರೆದು ಜಾಗರೂಕತೆಯಿಂದ ಶುಚಿಮಾಡಿದರೆ ಗಾಬರಿಗೆ ಕಾರಣವಿಲ್ಲ. ಆದರೆ ಪಾದರಸದ ಸ್ವಭಾವ ಮಾತ್ರ ವಿಶಿಷ್ಟವಾದುದು. ಅದರ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೋದ ಆವಿಯಲ್ಲಿ ಶೇಕಡ 80ರಷ್ಟನ್ನು ಶ್ವಾಸಕೋಶಗಳು ರಕ್ತಕ್ಕೆ ಸೇರಿಸಿಬಿಡುತ್ತವೆ. ದೀರ್ಘಕಾಲ ಅದನ್ನು ಉಸಿರಾಡಿದವರ ನರಮಂಡಲವೂ ಮೂತ್ರಪಿಂಡಗಳೂ ಹಾನಿಗೊಳ್ಳುತ್ತವೆ. ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ, ನೆನಪು ಕುಂದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾದರಸವು ಒಂದು ಮೂಲಧಾತು. ಅದು ಕೊಳೆಯುವುದಿಲ್ಲ, ಸುಟ್ಟು ಬೂದಿಯಾಗುವುದಿಲ್ಲ. ಕಸದ ರಾಶಿಗೆ ಬೆಂಕಿ ಹಚ್ಚಿದರೆ ಗಾಳಿಗೇರುತ್ತದೆ; ಮಳೆಯೊಡನೆ ಇಳಿದು ನೀರಿಗೆ ಸೇರುತ್ತದೆ. ಕೆರೆ, ನದಿ, ಕಡಲುಗಳ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಇನ್ನೂ ಘೋರವಾದ ರೂಪಕ್ಕೆ ತಿರುಗಿಸುತ್ತವೆ. ಅದು ಸಣ್ಣ ಮೀನಿನ ಮೈಸೇರಿ, ಸಣ್ಣದನ್ನು ನುಂಗಿದ ದೊಡ್ಡ ಮೀನಿನಲ್ಲಿ ಹೆಚ್ಚಾಗಿ ಶೇಖರವಾಗಿ, ಕೊನೆಗೆ ಮನುಷ್ಯನ ಊಟದ ತಟ್ಟೆಗೆ ಬರುತ್ತದೆ.

ಮಿನಮಾಟದ ಪಾಠ

ಇದು ಊಹೆಯ ಮಾತಲ್ಲ. ಜಪಾನಿನ ಮಿನಮಾಟ ಎಂಬ ಕಡಲತೀರದ ಊರಿನಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆ 1932ರಿಂದ ಪಾದರಸ ಬೆರೆತ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಮೊದಲು ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸತ್ತವು. ಆಮೇಲೆ ಮೀನುಗಾರರ ಮನೆಗಳಲ್ಲಿ ಮಕ್ಕಳು ನಡೆಯಲಾರದೆ, ಮಾತನಾಡಲಾರದೆ ಕುಸಿದರು. 1956ರ ಮೇ 1ರಂದು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ಹೊಸೊಕಾವಾ ಹಾಜಿಮೆಯವರು ಈ ಹೊಸ ರೋಗವನ್ನು ಅಧಿಕಾರಿಗಳಿಗೆ ವರದಿ ಮಾಡಿದರು. 1959ರಲ್ಲಿ ಅವರು ಕಾರ್ಖಾನೆಯ ತ್ಯಾಜ್ಯನೀರನ್ನು ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ಕೊಟ್ಟು ನೋಡಿದಾಗ ಅದಕ್ಕೂ ಅದೇ ರೋಗ ಬಂತು. ಕಾರಣ ಆಗಲೇ ಗೋಚರಿಸಿತ್ತು. ಆದರೆ ಆ ಪರೀಕ್ಷೆಯ ಫಲವನ್ನು ಆಡಳಿತವು ಹೊರಬಿಡಲಿಲ್ಲ. ಆ ಉತ್ಪಾದನಾ ವಿಧಾನ ನಿಂತದ್ದು 1968ರಲ್ಲಿ. ನಡುವಿನ ಒಂಬತ್ತು ವರ್ಷಗಳಲ್ಲಿ ಕೊಲ್ಲಿಗೆ ಹರಿದ ಪ್ರತಿಯೊಂದು ಹನಿಯೂ ಅರಿವಿದ್ದೂ ಹರಿದ ಹನಿ. 1970ರಲ್ಲಿ, ಸಾವಿನ ಹಾಸಿಗೆಯಲ್ಲಿದ್ದ ಆ ವೈದ್ಯರು ನ್ಯಾಯಾಲಯಕ್ಕಾಗಿ ಸಾಕ್ಷ್ಯ ನುಡಿದರು.

ಆ ಊರಿನಲ್ಲಿ ಇನ್ನೊಂದು ಸತ್ಯವೂ ಬೆಳಕಿಗೆ ಬಂತು. ತಾಯಂದಿರಲ್ಲಿ ರೋಗದ ಚಿಹ್ನೆಗಳು ಅಷ್ಟಾಗಿ ಇಲ್ಲದಿದ್ದರೂ ಅವರ ಗರ್ಭದಲ್ಲಿದ್ದ ಶಿಶುಗಳು ಮೆದುಳಿನ ಹಾನಿಯೊಡನೆ ಹುಟ್ಟಿದವು. ವಿಷವು ತಾಯಿಯ ಮೈಯಿಂದ ಗರ್ಭವನ್ನು ದಾಟಿ ಮಗುವನ್ನು ಸೇರಿತ್ತು. ನಾವು ಎಸೆದುದನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಗೆ ಇದಕ್ಕಿಂತ ಕಠಿಣವಾದ ಉತ್ತರವಿಲ್ಲ.

ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಪಾದರಸದ ಕುರಿತಾದ ಅಂತರರಾಷ್ಟ್ರೀಯ ಒಪ್ಪಂದವೊಂದು ರೂಪುಗೊಂಡು, 2017ರಲ್ಲಿ ಜಾರಿಗೆ ಬಂತು. ಭಾರತವು 2018ರಲ್ಲಿ ಅದನ್ನು ಅಂಗೀಕರಿಸಿತು. 2022 ಮತ್ತು 2023ರ ಸಭೆಗಳಲ್ಲಿ ಸದಸ್ಯ ರಾಷ್ಟ್ರಗಳು ಮನೆಬಳಕೆಯ ಸಿಎಫ್‌ಎಲ್‌ಗಳ ತಯಾರಿಕೆಯನ್ನು 2025ರ ಹೊತ್ತಿಗೂ ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರ ಹೊತ್ತಿಗೂ ನಿಲ್ಲಿಸಲು ಒಪ್ಪಿದವು. ಅಂದರೆ ಈ ದೀಪಗಳ ಯುಗ ಮುಗಿಯುತ್ತಿದೆ. ಸಮಾಧಾನದ ಸಂಗತಿಯೇ. ಆದರೆ ಯುಗ ಮುಗಿಯುವಾಗಲೇ ಕಸ ಹೆಚ್ಚುತ್ತದೆ. ಇನ್ನೂ ಗೋಡೆಯ ಮೇಲಿರುವ, ಉಗ್ರಾಣದ ಮೂಲೆಯಲ್ಲಿರುವ ಕೊನೆಯ ದೀಪಗಳೆಲ್ಲ ಈ ಕೆಲವೇ ವರ್ಷಗಳಲ್ಲಿ ನಮ್ಮ ಕೈಯಿಂದ ಹೊರಹೋಗಲಿವೆ. ಅವು ಯಾವ ದಾರಿಯಲ್ಲಿ ಹೋಗುತ್ತವೆ ಎಂಬುದನ್ನು ನಿರ್ಧರಿಸುವವರು ನಾವೇ.

ಒಳ್ಳೆಯ ಕೆಲಸದ ಬಾಕಿ

ಇನ್ನೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಈ ದೀಪಗಳನ್ನು ಮನೆಗೆ ತಂದ ಜನರು ತಪ್ಪು ಮಾಡಲಿಲ್ಲ. ಸಿಎಫ್‌ಎಲ್ ಹಳೆಯ ತಂತಿ ಬಲ್ಬಿನ ಕಾಲುಭಾಗ, ಐದನೇ ಒಂದು ಭಾಗದಷ್ಟು ವಿದ್ಯುತ್ತಿನಲ್ಲಿ ಅಷ್ಟೇ ಬೆಳಕು ಕೊಡುತ್ತಿತ್ತು. 2009ರಲ್ಲಿ ಕೇಂದ್ರ ಸರ್ಕಾರದ ‘ಬಚತ್ ಲ್ಯಾಂಪ್ ಯೋಜನೆ’ ಹಳೆಯ ಬಲ್ಬು ಪಡೆದು 15 ರೂಪಾಯಿಗೆ ಸಿಎಫ್‌ಎಲ್ ಕೊಡುವ ಏರ್ಪಾಡು ಮಾಡಿತು. ಕಲ್ಲಿದ್ದಲನ್ನು ಸುಟ್ಟಾಗಲೂ ಪಾದರಸ ಗಾಳಿಗೆ ಸೇರುತ್ತದೆ. ವಿದ್ಯುತ್ತು ಉಳಿಸಿದವರು ಅದನ್ನೂ ಸ್ವಲ್ಪಮಟ್ಟಿಗೆ ತಡೆದರು. 2015ರಿಂದ ಎಲ್‌ಇಡಿ ಬಲ್ಬುಗಳು ಸರ್ಕಾರಿ ಯೋಜನೆಯ ಮೂಲಕ ಅಗ್ಗದ ಬೆಲೆಗೆ ಮನೆಮನೆಗೆ ಬಂದವು. ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂಬ ಹೆಸರಿತ್ತು. ಎಲ್‌ಇಡಿಯಲ್ಲಿ ಪಾದರಸವಿಲ್ಲ.

ಆದರೆ ಹೊಸ ಬೆಳಕನ್ನು ಸ್ವಾಗತಿಸಿದ ದಿನ ಹಳೆಯದು ಎಲ್ಲಿಗೆ ಹೋಯಿತು? ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೂ ಒಂದು ಬಾಕಿ ಇರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಸಾಲ ತಂದು ಹೊಲ ಕೊಂಡವನ ಉದ್ದೇಶ ಒಳ್ಳೆಯದೇ. ಅದರಿಂದ ಸಾಲ ತೀರಿದಂತಾಗುವುದಿಲ್ಲ. ಉದ್ದೇಶ ಒಳ್ಳೆಯದಿದ್ದರೆ ಪರಿಣಾಮಕ್ಕೆ ನಾವು ಹೊಣೆಯಲ್ಲ ಎಂಬ ಭಾವನೆ ನೈತಿಕ ಜೀವನದಲ್ಲಿ ಬಹಳ ಸುಲಭವಾಗಿ ಬರುವ ಮೋಸ.

ಬಿಸಾಡಿದವನು, ಆಯುವವನು

ಕಸದ ಬುಟ್ಟಿಗೆ ಹಾಕಿದ ಟ್ಯೂಬ್‌ಲೈಟ್ ತಾನಾಗಿ ಮಾಯವಾಗುವುದಿಲ್ಲ. ಮೊದಲು ಅದು ಒಬ್ಬ ಪೌರಕಾರ್ಮಿಕರ ಕೈಗೆ ಬರುತ್ತದೆ. ಉದ್ದವಾದ ಟ್ಯೂಬು ಗಾಡಿಯಲ್ಲಿ ಹಿಡಿಸದು, ಮುರಿಯಬೇಕು. ಅಲ್ಲಿಂದ ಚಿಂದಿ ಆಯುವವರ ಕೈಗೆ, ಅಲ್ಲಿಂದ ಗುಜರಿ ಅಂಗಡಿಗೆ. ತುದಿಯ ಅಲ್ಯೂಮಿನಿಯಂ ಮುಚ್ಚಳಕ್ಕೆ ಬೆಲೆಯಿದೆ. ಅದಕ್ಕಾಗಿ ಗಾಜನ್ನು ಕುಟ್ಟಿ ಒಡೆಯುತ್ತಾರೆ. ಆ ಬಿಳಿಯ ಪುಡಿ ಮೂಗು ಬಾಯಿಗೆ ಹೋಗುತ್ತದೆ. ಇದೆಲ್ಲದರಲ್ಲಿ ಕೈಗವಸಾಗಲಿ ಮುಖವಸ್ತ್ರವಾಗಲಿ ಇರುವುದು ಅಪರೂಪ.

ತಮಿಳುನಾಡಿನ ಕೊಡೈಕನಾಲ್ ಬೆಟ್ಟದ ಮೇಲೆ, ಅಮೆರಿಕದಿಂದ 1980ರ ದಶಕದಲ್ಲಿ ಸ್ಥಳಾಂತರಗೊಂಡು ಬಂದ ಥರ್ಮಾಮೀಟರ್ ಕಾರ್ಖಾನೆಯೊಂದಿತ್ತು. ಪಾದರಸ ಅಂಟಿದ ಗಾಜಿನ ಚೂರುಗಳು ಅಲ್ಲಿಂದ ಊರಿನ ಗುಜರಿ ಅಂಗಡಿಗೆ ಹೋಗಿದ್ದವು. 2001ರ ಮಾರ್ಚಿನಲ್ಲಿ ಊರಿನ ಜನ ಅದನ್ನು ಪತ್ತೆಹಚ್ಚಿದಾಗ ಕಾರ್ಖಾನೆ ಮುಚ್ಚಿತು. 2003ರಲ್ಲಿ ಪಾದರಸಯುಕ್ತ ತ್ಯಾಜ್ಯವನ್ನು ಮರುಸಂಸ್ಕರಣೆಗಾಗಿ ಹಡಗಿನಲ್ಲಿ ಅಮೆರಿಕಕ್ಕೇ ಕಳುಹಿಸಲಾಯಿತು. ಹಳೆಯ ಕೆಲಸಗಾರರ ಹೋರಾಟ ಮಾತ್ರ ಮುಂದುವರಿಯಿತು. 591 ಮಂದಿಯೊಡನೆ ಸಂಸ್ಥೆಯು ರಾಜಿ ಒಪ್ಪಂದಕ್ಕೆ ಬಂದದ್ದು 2016ರಲ್ಲಿ. ಕಾರ್ಖಾನೆಗೆ ಅದು ‘ತ್ಯಾಜ್ಯ’, ಅಂದರೆ ಮುಗಿದುಹೋದ ವಸ್ತು. ಅದನ್ನು ಕೈಯಲ್ಲಿ ಹಿಡಿದ ಮನುಷ್ಯನಿಗೆ ಮಾತ್ರ ಅದು ಆಗಷ್ಟೇ ಆರಂಭ.

ನಮ್ಮ ನಾಡಿನಲ್ಲಿಯೂ ‘ದೂರ’ ಎಂಬುದು ಇಲ್ಲವೆಂದು ತೋರಿಸಿದ ಘಟನೆಗಳಿವೆ. 2019ರ ಆಗಸ್ಟಿನ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಕುಸಿದು ಮಂದಾರ ಪ್ರದೇಶದ ತೆಂಗು ಕಂಗಿನ ತೋಟಗಳ ಮೇಲೆ, ಮನೆಗಳ ಬಳಿಗೆ ಹರಿದುಬಂತು. ನಗರದ ಸಾವಿರಾರು ಮನೆಗಳವರು ‘ಹೊರಗೆ’ ಹಾಕಿದ್ದು ಯಾರದೋ ಅಂಗಳದ ‘ಒಳಗೆ’ ಬಂದು ನಿಂತಿತು. ‘ಹೊರಗೆ’ ಎಂದರೆ ಇನ್ನೊಬ್ಬರ ಮನೆ ಎಂದೇ ಅರ್ಥ.

ಪವಿತ್ರ ಗ್ರಂಥವನ್ನು ಓದುವವರಿಗೆ ಹಕ್ಕಲಾಯುವವರ ಪರಿಚಯವಿದೆ. ಕೊಯ್ಲಿನ ಹೊತ್ತಿನಲ್ಲಿ ಹೊಲದ ಅಂಚನ್ನೂ ಉದುರಿದ ತೆನೆಗಳನ್ನೂ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡದ ಕಟ್ಟಳೆ. ಹಾಗೆ ಹಕ್ಕಲಾಯಲು ಹೋದವಳೇ ರೂತಳು. ಇಂದಿನ ನಗರಗಳಲ್ಲಿ ಹಕ್ಕಲಾಯುವವರು ಬೇರಾರೂ ಅಲ್ಲ, ನಮ್ಮ ಕಸದಲ್ಲಿ ಬದುಕನ್ನು ಹುಡುಕುವವರು. ನಾವು ಬಿಟ್ಟುಹೋದುದನ್ನು ಅವರು ಆಯುತ್ತಾರೆ. ಆ ಕಾಲದ ಹೊಲದೊಡೆಯನು ಅಂಚಿನಲ್ಲಿ ಕಾಳು ಬಿಟ್ಟನು. ನಾವು ಏನನ್ನು ಬಿಡುತ್ತಿದ್ದೇವೆ?

ಮುಚ್ಚದ ಗುಂಡಿ, ಕಟ್ಟದ ಅಂಚುಗೋಡೆ

ಈಗ ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಾನು ಯಾರಿಗೂ ಕೇಡು ಬಯಸಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ಕೆಟ್ಟುಹೋದ ಬಲ್ಬನ್ನು ಬುಟ್ಟಿಗೆ ಹಾಕಿದೆ, ಅಷ್ಟೇ. ನಾನು ಹೇಗೆ ಹೊಣೆ?

ಮೂರು ಸಾವಿರ ವರ್ಷಗಳಿಗೆ ಹತ್ತಿರವಾದ ಎರಡು ಹಳೆಯ ಕಟ್ಟಳೆಗಳು ಇದಕ್ಕೆ ಉತ್ತರಿಸುತ್ತವೆ. ಒಬ್ಬನು ಗುಂಡಿ ತೋಡಿ ಅದನ್ನು ಮುಚ್ಚದೆ ಬಿಟ್ಟಿರುವಾಗ ಇನ್ನೊಬ್ಬನ ಎತ್ತೋ ಕತ್ತೆಯೋ ಅದರಲ್ಲಿ ಬಿದ್ದು ಸತ್ತರೆ, ಗುಂಡಿಯವನು ನಷ್ಟ ತುಂಬಿಕೊಡಬೇಕೆಂದು ವಿಮೋಚನಕಾಂಡದ 21ನೇ ಅಧ್ಯಾಯ ವಿಧಿಸುತ್ತದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಂಚುಗೋಡೆ ಕಟ್ಟಿಸಬೇಕು, ಇಲ್ಲದಿದ್ದರೆ ಅಲ್ಲಿಂದ ಬಿದ್ದವನ ರಕ್ತದ ಹೊಣೆ ಆ ಮನೆಯ ಮೇಲೆ ಬರುವುದೆಂದು ಧರ್ಮೋಪದೇಶಕಾಂಡದ 22ನೇ ಅಧ್ಯಾಯ ಎಚ್ಚರಿಸುತ್ತದೆ. ಗಮನಿಸಿರಿ: ಎರಡರಲ್ಲಿಯೂ ತಳ್ಳಿದವನು ಯಾರೂ ಇಲ್ಲ. ದ್ವೇಷವಿಲ್ಲ, ಉದ್ದೇಶವಿಲ್ಲ. ಬೀಳಲಿರುವವನು ಯಾರೆಂದು ಮನೆಯವನಿಗೆ ಗೊತ್ತೂ ಇಲ್ಲ. ಆದರೂ ಹೊಣೆ ಇದೆ. ಏಕೆಂದರೆ ಅಪಾಯವನ್ನು ಉಂಟುಮಾಡಿದವನಿಗೆ ಅದನ್ನು ತಡೆಯುವುದು ಸಾಧ್ಯವಿತ್ತು. ಅದರಲ್ಲಿ ಬೀಳುವವನಿಗೆ ಅದು ಕಾಣುವಂತಿರಲಿಲ್ಲ.

ಪಾದರಸದ ದೀಪದ ವಿಷಯದಲ್ಲಿ ಈ ಎರಡೂ ಅಂಶಗಳಿವೆ. ದೀಪ ನನ್ನ ಮನೆಯಲ್ಲಿರುವಾಗ ಇಡಿಯಾಗಿದೆ. ಅದನ್ನು ಇಡಿಯಾಗಿಯೇ ಸರಿಯಾದ ಕೈಗೆ ತಲುಪಿಸುವುದು ನನಗೆ ಸಾಧ್ಯ. ಚೀಲದಲ್ಲಿ ಬೆರೆತ ಮೇಲೆ, ಒಡೆದ ಮೇಲೆ, ಅದನ್ನು ಕೈಗೆತ್ತಿಕೊಳ್ಳುವವನಿಗೆ ಅದರ ಆವಿ ಕಾಣಿಸದು. ತಡೆಯುವ ಶಕ್ತಿ ನನ್ನ ಬಳಿ, ನೋವು ಅವನ ಬಳಿ. ಹೀಗೆ ಶಕ್ತಿಯೂ ನೋವೂ ಬೇರೆ ಬೇರೆ ಮನೆಗಳಲ್ಲಿರುವಾಗ ಅವೆರಡನ್ನೂ ಜೋಡಿಸುವ ಹಗ್ಗಕ್ಕೆ ನಾವು ಹೊಣೆಗಾರಿಕೆ ಎನ್ನುತ್ತೇವೆ.

ಮೂರು ಸಮಾಧಾನಗಳು

ನಮ್ಮ ಮನಸ್ಸು ಇಲ್ಲಿ ಮೂರು ಸಮಾಧಾನಗಳನ್ನು ಹೇಳಿಕೊಳ್ಳುತ್ತದೆ. ಅವುಗಳನ್ನು ಹಗುರವಾಗಿ ತಳ್ಳಿಹಾಕದೆ ಒಂದೊಂದಾಗಿ ನೋಡೋಣ.

ಮೊದಲನೆಯದು: ‘ಕೆಲವು ಮಿಲಿಗ್ರಾಂನಿಂದ ಏನಾದೀತು?’ ಲೆಕ್ಕ ಹಾಕೋಣ. ಐನೂರು ಕುಟುಂಬಗಳ ಒಂದು ಧರ್ಮಕೇಂದ್ರದಲ್ಲಿ ಮನೆಗೆ ನಾಲ್ಕರಂತೆ ಎರಡು ಸಾವಿರ ದೀಪಗಳು, ಒಂದೊಂದರಲ್ಲಿ ನಾಲ್ಕು ಮಿಲಿಗ್ರಾಂ ಎಂದಿಟ್ಟುಕೊಂಡರೆ ಒಟ್ಟು ಎಂಟು ಗ್ರಾಂ. ಒಂದು ಟೀ ಚಮಚದ ಎಂಟನೇ ಒಂದು ಭಾಗವೂ ತುಂಬದು. ಲೋಕದಲ್ಲಿ ಅತಿ ಹೆಚ್ಚು ಪಾದರಸವನ್ನು ಹೊರಬಿಡುವವು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆ ಮತ್ತು ಕಲ್ಲಿದ್ದಲು. ಅವುಗಳ ಮುಂದೆ ಇದು ಅಲ್ಪವೇ. ಆದರೆ ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆ ಕೇವಲ ಉಳಿತಾಯಕ್ಕೆ ಹೇಳಿದ್ದಲ್ಲ. ಕೊಳೆಯದ ವಿಷಕ್ಕೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ಬೇರೆಯಿದೆ. ಗುಜರಿಯ ಮೂಲೆಯಲ್ಲಿ ಕುಳಿತು ದಿನವಿಡೀ ಟ್ಯೂಬು ಒಡೆಯುವ ಮನುಷ್ಯನಿಗೆ ಇದು ಲೋಕದ ಪಾದರಸದಲ್ಲಿ ಒಂದು ಪಾಲಲ್ಲ, ಅವನ ಉಸಿರು. ನನ್ನ ಮನೆಯ ಒಂದು, ಪಕ್ಕದ ಮನೆಯ ಎರಡು, ಶಾಲೆಯ ಐವತ್ತು ಅವನೊಬ್ಬನ ಮುಂದೆ ಬಂದು ಸೇರುತ್ತವೆ. ನಮ್ಮ ಕಡೆಯಿಂದ ನೋಡಿದರೆ ಅಲ್ಪ, ಅವನ ಕಡೆಯಿಂದ ನೋಡಿದರೆ ಇಡೀ ರಾಶಿ. ಯಾವ ಕಡೆಯಿಂದ ನೋಡಬೇಕು ಎಂಬುದೇ ನೈತಿಕ ಪ್ರಶ್ನೆ.

ಎರಡನೆಯದು: ‘ನಮಗೆ ಗೊತ್ತಿರಲಿಲ್ಲ.’ ಇದು ಅನೇಕರ ವಿಷಯದಲ್ಲಿ ನಿಜ, ನ್ಯಾಯವಾದ ಕಾರಣವೂ ಹೌದು. ಸಂತ ತೋಮಸ್ ಅಕ್ವಿನಾಸರ ಪರಂಪರೆಯಲ್ಲಿ ನೀತಿಶಾಸ್ತ್ರವು ಅಜ್ಞಾನವನ್ನು ಎರಡಾಗಿ ವಿಂಗಡಿಸುತ್ತದೆ: ಎಷ್ಟು ಪ್ರಯತ್ನಿಸಿದರೂ ನೀಗಿಸಲಾಗದ ಅಜ್ಞಾನ, ಸ್ವಲ್ಪ ವಿಚಾರಿಸಿದ್ದರೆ ನೀಗಿಸಬಹುದಾಗಿದ್ದ ಅಜ್ಞಾನ. ಮೊದಲನೆಯದಕ್ಕೆ ದೋಷವಿಲ್ಲ. ಎರಡನೆಯದು ಅಜ್ಞಾನವೆಂಬ ಹೆಸರಿನ ಅಲಕ್ಷ್ಯ. ದೀಪದ ಪೆಟ್ಟಿಗೆಯ ಮೇಲೆ ಪಾದರಸದ ರಾಸಾಯನಿಕ ಚಿಹ್ನೆಯಾದ ‘ಎಚ್‌ಜಿ’ ಎಂಬ ಎರಡಕ್ಷರ ಮುದ್ರಿತವಾಗಿರುತ್ತಿತ್ತು. ಓದದೆ ಬಿಸಾಡಿದ್ದು ನಾವು. ಶಾಲಾ ವಾರ್ಷಿಕೋತ್ಸವಗಳಲ್ಲಿ ಕರಾಟೆ ಪ್ರದರ್ಶನವೆಂದು ಮಕ್ಕಳ ಮೈಮೇಲೆ ಟ್ಯೂಬ್‌ಲೈಟುಗಳನ್ನು ಒಡೆದು ಚಪ್ಪಾಳೆ ತಟ್ಟುವುದನ್ನು ಎಷ್ಟೋ ಊರುಗಳಲ್ಲಿ ಸಾಹಸವೆಂದೇ ತಿಳಿದಿದ್ದಾರೆ. ಆ ಬಿಳಿಯ ಧೂಳು ಮುಂದಿನ ಸಾಲಿನ ಪುಟಾಣಿಗಳ ಮೇಲೆ ಇಳಿಯುತ್ತದೆ. ತಿಳಿಯದವರಿಗೆ ಕ್ಷಮೆಯಿದೆ. ಮಿನಮಾಟದಲ್ಲಿ 1959ರ ನಂತರ ಆದಂತೆ, ತಿಳಿದ ಮೇಲೆ ಅದೇ ಕೆಲಸದ ಹೆಸರು ಬದಲಾಗುತ್ತದೆ. ಈ ಪುಟವನ್ನು ಇಲ್ಲಿಯವರೆಗೆ ಓದಿದ ತಮಗೂ ಬರೆದ ನನಗೂ ಈ ಎರಡನೆಯ ಸಮಾಧಾನ ಇನ್ನು ದೊರೆಯದು.

ಮೂರನೆಯದು ಅತ್ಯಂತ ಗಟ್ಟಿಯಾದ ವಾದ: ‘ನಾವು ಬೇರ್ಪಡಿಸಿ ಕೊಟ್ಟರೂ ಕಸದ ಗಾಡಿಯವರು ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಾರೆ. ಏರ್ಪಾಡೇ ಇಲ್ಲದಿರುವಾಗ ನಾವೇನು ಮಾಡಲಿ?’ ಇದನ್ನು ನೆಪವೆಂದು ತಳ್ಳಿಬಿಡುವುದು ಅನ್ಯಾಯ. ಕಾನೂನು ಹಿಂದೆ ಬಿದ್ದಿಲ್ಲ. 2016ರ ಘನತ್ಯಾಜ್ಯ ನಿಯಮಗಳು ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟುಗಳನ್ನು ‘ಗೃಹ ಅಪಾಯಕಾರಿ ತ್ಯಾಜ್ಯ’ದ ಪಟ್ಟಿಗೆ ಸೇರಿಸಿ, ಅವನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂದವು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು, ಅವುಗಳ ಸ್ಥಾನದಲ್ಲಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳು, ಬಳಸಿದ ದೀಪಗಳ ಮರುಸಂಸ್ಕರಣೆಯ ಹೊಣೆಯನ್ನು ತಯಾರಕರ ಮೇಲೆಯೂ ಹೊರಿಸಿದವು. ದೀಪ ಮಾರಿ ಲಾಭ ಪಡೆದವರ ಪಾಲು ನಮ್ಮದಕ್ಕಿಂತ ದೊಡ್ಡದು; ಅದನ್ನು ಕೇಳುವ ಹಕ್ಕು ನಮಗಿದೆ, ಕೇಳಲೂಬೇಕು. ಆದರೆ ಹೊಣೆಯನ್ನು ಹಂಚಿಕೊಳ್ಳುವುದು ಬೇರೆ, ಹಂಚಿ ಹಂಚಿ ಇಲ್ಲವಾಗಿಸುವುದು ಬೇರೆ. ಊರಿನ ಕೊಳಕ್ಕೆ ರಾತ್ರಿ ಒಬ್ಬೊಬ್ಬರೂ ಒಂದು ತಂಬಿಗೆ ಹಾಲು ಸುರಿಯಬೇಕೆಂದು ರಾಜನು ಅಪ್ಪಣೆ ಮಾಡಿದಾಗ, ಉಳಿದವರು ಹಾಲು ಹಾಕುತ್ತಾರಲ್ಲ ಎಂದುಕೊಂಡು ಪ್ರತಿಯೊಬ್ಬನೂ ನೀರು ಸುರಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಏರ್ಪಾಡು ಇಲ್ಲ ಎಂಬುದು ನನ್ನ ಕರ್ತವ್ಯವನ್ನು ಕಷ್ಟಗೊಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಒಬ್ಬ ಗೃಹಿಣಿಗೆ ಒಂದು ಬಲ್ಬನ್ನು ಹಿಡಿದುಕೊಂಡು ಊರೂರು ಅಲೆಯಲಾಗದು, ನಿಜ. ಆದರೆ ಐನೂರು ಕುಟುಂಬಗಳು ಸೇರಿದಲ್ಲಿ ಆಗದ ಕೆಲಸ ಇದಲ್ಲ.

ಮಾಡಬಹುದಾದ ಕೆಲಸ

ಆದುದರಿಂದ ಈಗ ಕೆಲವು ಸರಳ ಮಾತುಗಳು.

ಉರಿಯುತ್ತಿರುವ ದೀಪವನ್ನು ಭಯದಿಂದ ಕಿತ್ತು ಎಸೆಯಬೇಡಿ. ಅದರ ಆಯುಷ್ಯ ತೀರಲಿ. ಬದಲಿಸುವಾಗ ವಿದ್ಯುತ್ತು ಆರಿಸಿ, ದೀಪ ತಣ್ಣಗಾದ ಮೇಲೆ ತೆಗೆಯಿರಿ. ಸಿಎಫ್‌ಎಲ್ ಅನ್ನು ಗಾಜಿನ ಸುರುಳಿ ಹಿಡಿದು ತಿರುಗಿಸದೆ ಕೆಳಗಿನ ಪ್ಲಾಸ್ಟಿಕ್ ಭಾಗವನ್ನು ಹಿಡಿದು ತಿರುಗಿಸಿರಿ. ಹೊಸ ದೀಪ ಬಂದ ರಟ್ಟಿನ ಕವಚದಲ್ಲಿಯೇ ಹಳೆಯದನ್ನು ಸೇರಿಸಿ, ಮಕ್ಕಳ ಕೈಗೆ ಸಿಗದಂತೆ, ಬೀಳದಂತೆ ಇಡಿರಿ.

ಒಡೆದರೆ, ಮೊದಲು ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕೋಣೆಯಿಂದ ಹೊರಗೆ ಕಳುಹಿಸಿರಿ. ಕಿಟಕಿಗಳನ್ನು ತೆರೆದು, ಹವಾನಿಯಂತ್ರಣವಿದ್ದರೆ ನಿಲ್ಲಿಸಿ, ಹತ್ತು ನಿಮಿಷ ಹೊರಗಿರಿ. ಪೊರಕೆಯಿಂದ ಗುಡಿಸಬೇಡಿ, ವ್ಯಾಕ್ಯೂಮ್ ಯಂತ್ರವನ್ನಂತೂ ಬಳಸಲೇಬೇಡಿ. ಅವು ಪುಡಿಯನ್ನು ಮನೆಯೆಲ್ಲ ಹರಡುತ್ತವೆ. ಕೈಗವಸು ಧರಿಸಿ, ಗಟ್ಟಿ ಕಾಗದದ ಎರಡು ತುಂಡುಗಳಿಂದ ಚೂರುಗಳನ್ನು ಬಾಚಿರಿ. ಉಳಿದ ಸಣ್ಣ ಚೂರು, ಪುಡಿಗಳನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಿರಿ. ಕೊನೆಗೆ ಒದ್ದೆ ಕಾಗದದಿಂದ ನೆಲ ಒರೆಸಿರಿ. ಎಲ್ಲವನ್ನೂ ಬಿಗಿಯಾದ ಮುಚ್ಚಳದ ಗಾಜಿನ ಭರಣಿಗೆ ಹಾಕಿ ಮನೆಯ ಹೊರಗೆ ಇಡಿರಿ. ಕೈ ತೊಳೆದುಕೊಳ್ಳಿರಿ. ಕೆಲವು ಗಂಟೆ ಗಾಳಿ ಆಡಲಿ. ಇಷ್ಟು ಮಾಡಿದರೆ ಸಾಕು.

ಇನ್ನು ಸಂಗ್ರಹ. ಧರ್ಮಕೇಂದ್ರದ ಸಭಾಭವನದ ಒಂದು ಮೂಲೆಯಲ್ಲಿ, ಶಾಲೆಯ ಉಗ್ರಾಣದಲ್ಲಿ, ಒಂದು ಗಟ್ಟಿಯಾದ ಮುಚ್ಚಳದ ಪೆಟ್ಟಿಗೆ ಇರಿಸಬಹುದು. ಟ್ಯೂಬುಗಳಿಗೆ ಒಂದು, ಬಲ್ಬುಗಳಿಗೆ ಒಂದು. ಗಾಳಿಯಾಡುವ, ಮಕ್ಕಳು ಬಾರದ ಜಾಗ ಬೇಕು. ನೋಡಿಕೊಳ್ಳಲು ಒಬ್ಬರು ಜವಾಬ್ದಾರರಿರಬೇಕು. ತಕ್ಕಷ್ಟು ಕೂಡಿದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಮರುಸಂಸ್ಕರಣೆಯವರಿಗೆ ಒಟ್ಟಾಗಿ ಒಪ್ಪಿಸಿ ರಸೀದಿ ಪಡೆಯಬೇಕು. ಒಂದೊಂದು ಬಲ್ಬಿಗೆ ಬಾರದವರು ಐನೂರು ಬಲ್ಬುಗಳಿಗೆ ಬರುತ್ತಾರೆ. ಆದರೆ ಯಾರಿಗೋ ಕೊಟ್ಟು ಕೈತೊಳೆದುಕೊಳ್ಳಬಾರದು. ನೋಂದಣಿ ಇದೆಯೇ ಎಂದು ಕೇಳಬೇಕು. ನಗರಗಳಲ್ಲಿ ವಾರ್ಡಿನ ಒಣತ್ಯಾಜ್ಯ ಸಂಗ್ರಹ ಕೇಂದ್ರದವರನ್ನೂ ವಿಚಾರಿಸಬಹುದು. ಊರಿನ ಪಂಚಾಯಿತಿಯಲ್ಲಿ, ಪುರಸಭೆಯಲ್ಲಿ ಏರ್ಪಾಡು ಇಲ್ಲದಿದ್ದರೆ ಲಿಖಿತವಾಗಿ ಕೇಳಿರಿ. ಮನೆಗಳೆಲ್ಲ ಕೇಳದೆ ಯಾವ ಏರ್ಪಾಡೂ ಹುಟ್ಟಿಲ್ಲ.

ಹಾಗೆ ಒಪ್ಪಿಸಿದ ದೀಪ ಏನಾಗುತ್ತದೆ? ಮರುಸಂಸ್ಕರಣಾ ಘಟಕದಲ್ಲಿ ಗಾಳಿ ಹೊರಗೆ ಸೋರದಂತೆ ಒಳಕ್ಕೆ ಎಳೆಯುವ ಮುಚ್ಚಿದ ಯಂತ್ರದಲ್ಲಿ ಅದನ್ನು ಒಡೆಯುತ್ತಾರೆ. ಹೊರಬಿದ್ದ ಆವಿಯನ್ನು ಸಂಸ್ಕರಿಸಿದ ಇದ್ದಿಲು ಹಿಡಿದಿಡುತ್ತದೆ. ಗಾಜು, ಅಲ್ಯೂಮಿನಿಯಂ ಮುಚ್ಚಳ, ಬಿಳಿಯ ಪುಡಿ ಬೇರೆ ಬೇರೆಯಾಗುತ್ತವೆ. ಪುಡಿಯನ್ನು ಕಾಯಿಸಿ ಪಾದರಸವನ್ನು ಆವಿಯಾಗಿಸಿ, ಮತ್ತೆ ತಣಿಸಿ ದ್ರವವಾಗಿ ಹಿಡಿಯುತ್ತಾರೆ. ಆ ಪುಡಿಯಲ್ಲಿ ಯಿಟ್ರಿಯಂ, ಯುರೋಪಿಯಂ ಮುಂತಾದ ವಿರಳ ಧಾತುಗಳೂ ಇರುತ್ತವೆ. ಗುಜರಿಯ ಮೂಲೆಯಲ್ಲಿ ವಿಷವಾಗುವ ವಸ್ತುವೇ ಸರಿಯಾದ ಜಾಗದಲ್ಲಿ ಸಂಪತ್ತಾಗುತ್ತದೆ. ವ್ಯತ್ಯಾಸವಿರುವುದು ವಸ್ತುವಿನಲ್ಲಲ್ಲ, ಅದು ಹಿಡಿದ ದಾರಿಯಲ್ಲಿ.

ಕೊನೆಯ ಮಾತು

ಪಾಪವೆಂದರೆ ಕೆಟ್ಟದ್ದನ್ನು ಮಾಡುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಒಪ್ಪಿಕೊಳ್ಳುವ ಪಾಪಗಳಲ್ಲಿ ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದೂ ಸೇರಿದೆ. ಬಿಸಾಡಿದ ದೀಪ ಆ ಬಗೆಯ ತಪ್ಪುಗಳಿಗೆ ಒಳ್ಳೆಯ ಉದಾಹರಣೆ. ಅದರಲ್ಲಿ ಕೋಪವಿಲ್ಲ, ದುರಾಸೆಯಿಲ್ಲ, ಯಾರ 
ಮುಖವೂ ಕಾಣುವುದಿಲ್ಲ. ಮುಖ ಕಾಣದಿರುವುದರಿಂದಲೇ ಮನಸ್ಸಾಕ್ಷಿ ಚುಚ್ಚುವುದಿಲ್ಲ.

ಆದುದರಿಂದ ಆ ಮುಖವನ್ನು ನೋಡುವ ಅಭ್ಯಾಸದಿಂದಲೇ ಆರಂಭಿಸೋಣ. ನಾಳೆ ಬೆಳಿಗ್ಗೆ ಕಸದ ಗಾಡಿ ಬಂದಾಗ ಚೀಲವನ್ನು ಗೇಟಿನಾಚೆ ಇಟ್ಟು ಒಳಗೆ ಬರಬೇಡಿ. ಒಂದು ನಿಮಿಷ ನಿಲ್ಲಿರಿ. ಅಲ್ಲಿ ಬಂದಿರುವ ಅಮ್ಮನ ಹೆಸರು ಕೇಳಿರಿ. ‘ಅಮ್ಮಾ, ಇದರಲ್ಲಿ ಗಾಜಿಲ್ಲ, ಬಲ್ಬಿಲ್ಲ. ಟ್ಯೂಬ್‌ಲೈಟ್ ಬೇರೆ ಇಟ್ಟಿದ್ದೇವೆ. ನಿಮಗೆ ಎಲ್ಲಾದರೂ ಸಿಕ್ಕಿದರೆ ಒಡೆಯಬೇಡಿ, ಒಳಗೆ ಪಾದರಸ ಇರುತ್ತೆ’ ಎಂದು ಹೇಳಿರಿ. ಆಕೆಯ ಮಕ್ಕಳು ಎಲ್ಲಿ ಓದುತ್ತಿದ್ದಾರೆಂದು ವಿಚಾರಿಸಿರಿ. ಆ ಮಕ್ಕಳೂ ಸಂಜೆ ಯಾವುದೋ ಒಂದು ದೀಪದ ಕೆಳಗೆ ಪುಸ್ತಕ ತೆರೆಯುತ್ತಾರೆ. ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಬೆಳಗಿದ ದೀಪವು ಕೊನೆಯಲ್ಲಿ ಅವರ ತಾಯಿಯ ಉಸಿರನ್ನು ಕೆಡಿಸದಿರಲಿ. ನಾವು ಪಡೆದ ಬೆಳಕಿನ ಋಣ ತೀರುವುದು ಆಗಲೇ.